ಟೈಮಿಂಗ್ ಚೈನ್ ಸದ್ದು: ದುಡ್ಡು ಕೊಡುವ ಮುಂಚೆ

ಹಳೆಯ ಸ್ವಿಫ್ಟ್, ಡಿಸೈರ್, ಪುಂಟೊ ಡೀಸೆಲ್‌ಗಳಲ್ಲಿ ಇರುವುದು ಫಿಯೆಟ್‌ನ ಒಂದೇ 1.3 ಲೀಟರ್ ಇಂಜಿನ್. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ, ವಾಲ್ವ್ ತೆರೆಯುವ ಕ್ಯಾಮ್ ದಂಡ ಎರಡನ್ನೂ ತಾಳ ತಪ್ಪದಂತೆ ಜೋಡಿಸೋದಕ್ಕೆ ಇದರಲ್ಲಿ ಬೆಲ್ಟ್ ಇಲ್ಲ, ಚೈನ್. ‘ಚೈನ್ ಜೀವಮಾನಕ್ಕೆ ಬರುತ್ತೆ’ ಅನ್ನೋದನ್ನು ಪೂರ್ತಿ ನಂಬಬೇಡಿ. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡೋದೇ ಆಯಿಲ್ ಒತ್ತಡದಿಂದ. ಇಡೀ ಇಂಜಿನ್‌ಗೆ ಹಿಡಿಯೋದು ಸುಮಾರು 3 ಲೀಟರ್ ಆಯಿಲ್. ಅದರಲ್ಲಿ ಒಂದು ಲೀಟರ್ ಇಳಿದರೆ, ಇಲ್ಲವೇ ಆಯಿಲ್ ಹಳಸಿದರೆ, ಮೊದಲು ಸೊರಗೋದು ಟೆನ್ಷನರೇ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು-ಮೂರು ಸೆಕೆಂಡ್ ಕರಕರ ಅಂದು ನಿಂತರೆ ಮೊದಲು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ. ಬಿಸಿಯಾದ ಮೇಲೂ ಸದ್ದಿದ್ದರೆ ಆಲ್ಟರ್ನೇಟರ್, ವಾಟರ್ ಪಂಪ್ ತಿರುಗಿಸುವ ಹೊರಗಿನ ಬೆಲ್ಟ್ ಬಿಚ್ಚಿಸಿ ಅರ್ಧ ನಿಮಿಷದೊಳಗೆ ಸ್ಟಾರ್ಟ್ ಮಾಡಿ ಆಫ್ ಮಾಡಿಸಿ (ವಾಟರ್ ಪಂಪ್ ತಿರುಗಲ್ಲ, ಜಾಸ್ತಿ ಬೇಡ). ಸದ್ದು ಹೋಯಿತೇ? ತಪ್ಪು ಆಲ್ಟರ್ನೇಟರ್ ಬೇರಿಂಗ್, ಪುಲ್ಲಿಯಂಥ ಹೊರಗಿನ ಭಾಗದ್ದು, ಚೈನಿನದಲ್ಲ. ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ ಬಂದರೆ ಚೈನ್ ಸಡಿಲವಾಗಿ ಕ್ರ್ಯಾಂಕ್-ಕ್ಯಾಮ್ ಹೊಂದಾಣಿಕೆ ತಪ್ಪಿರಬಹುದು. ಆದರೆ ಸೆನ್ಸರ್, ವೈರಿಂಗ್ ನೋಡದೆ ಇಂಜಿನ್ ಬಿಚ್ಚಿಸಬೇಡಿ.

ಚೈನೇ ಅಂತ ಖಚಿತವಾದರೆ ಬರೀ ಚೈನ್ ಹಾಕಿಸಬೇಡಿ. ಟೆನ್ಷನರ್, ಚೈನ್ ಜಾರುವ ಎರಡೂ ಗೈಡ್ ಪಟ್ಟಿ, ಚೈನ್ ಕೂರುವ ಹಲ್ಲುಚಕ್ರ (ಸ್ಪ್ರಾಕೆಟ್), ಮುಂದಿನ ಆಯಿಲ್ ಸೀಲ್ ಒಟ್ಟಿಗೆ ಬದಲಾಗಲಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಬಾಳಲ್ಲ, ಮೇಲಾಗಿ ಬಿಲ್ಲಿನಲ್ಲಿ ದೊಡ್ಡ ಪಾಲು ಮಜೂರಿ. ಕ್ರ್ಯಾಂಕ್, ಕ್ಯಾಮ್ ಎರಡನ್ನೂ ಸರಿಯಾದ ಜಾಗದಲ್ಲಿ ಅಲುಗಾಡದಂತೆ ಹಿಡಿಯುವ ಟೈಮಿಂಗ್ ಲಾಕ್ ಪಿನ್ ಇದೆಯಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಬಿಳಿ ಪೇಂಟ್ ಗುರುತು ಹಾಕಿ ಅಂದಾಜಿಗೆ ಕೂರಿಸುವವರಿಗೆ ಗಾಡಿ ಕೊಡಬೇಡಿ. ಜೋಡಿಸಿದ ಮೇಲೆ ಕೈಯಿಂದ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ, ಪಿನ್ ಮತ್ತೆ ಸಲೀಸಾಗಿ ಕೂರುತ್ತಾ ನೋಡಬೇಕು.

ಚೈನ್ ಹಲ್ಲು ತಪ್ಪಿ ಜಿಗಿದು ಗಾಡಿ ನಿಂತಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ವಾಲ್ವ್ ಒತ್ತುವ ರಾಕರ್ ಮುರಿದಷ್ಟಕ್ಕೇ ಮುಗಿಯಬೇಕಾದ್ದು ವಾಲ್ವ್‌, ಪಿಸ್ಟನ್‌ವರೆಗೂ ಹೋಗುತ್ತದೆ.