ಕ್ಲಿಪ್ ಹಾಕುವ ಮೊದಲು ಕಿವಿಯ ಮುಂದೆ ಬೆರಳಿಡುತ್ತೇನೆ

ಹಾಸನದಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ಹಲ್ಲನ್ನಷ್ಟೇ ನೋಡುತ್ತಿದ್ದೆ. ಅರಸೀಕೆರೆ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ತಂತಿ ಕಟ್ಟಿ ಎಂಟು ತಿಂಗಳಾಗಿತ್ತು. ಒಂದು ದಿನ ಅವಳ ತಾಯಿ, "ಡಾಕ್ಟ್ರೇ, ಬಾಯಿ ತೆಗೆದ್ರೆ ಕಿವಿ ಹತ್ರ ಟಕ್ ಅಂತದೆ, ನೋವು ಬೇರೆ. ಕ್ಲಿಪ್ ಹಾಕಿದ್ಮೇಲೇ ಹಿಂಗಾಗಿರೋದು" ಅಂದರು. ಆ ಸದ್ದು ಮೊದಲೇ ಇತ್ತೇ? ನನ್ನ ಕೇಸ್ ಶೀಟಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ತಪ್ಪು ನನ್ನದು.

ದವಡೆಯ ಕೀಲು ಇರುವುದು ಕಿವಿಯ ಮುಂದೆಯೇ. ಎರಡು ಮೂಳೆಗಳ ನಡುವೆ ಮೆತ್ತೆಯಂಥ ತೆಳು ತಟ್ಟೆಯೊಂದಿದೆ. ಅದು ತುಸು ಮುಂದಕ್ಕೆ ಜಾರಿದ್ದರೆ, ಬಾಯಿ ತೆಗೆದಾಗ ಮತ್ತೆ ಜಾಗಕ್ಕೆ ಬಂದು ಕೂರುತ್ತದೆ. ಟಕ್ ಅನ್ನುವುದು ಆಗಲೇ. ಹದಿಹರೆಯದವರಲ್ಲಿ ಇದು ಅಪರೂಪವೇನಲ್ಲ, ಕ್ಲಿಪ್ ಹಾಕಿಸದ ಮಕ್ಕಳಲ್ಲೂ ಕೇಳಿಸುತ್ತದೆ.

1987ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ, ಕ್ಲಿಪ್ ಚಿಕಿತ್ಸೆಯಿಂದಲೇ ಕೀಲು ಕೆಟ್ಟಿತು ಎಂದು ಕೋರ್ಟಿಗೆ ಹೋದ ರೋಗಿಗೆ ದೊಡ್ಡ ಪರಿಹಾರ ಸಿಕ್ಕಿತು. ಆಮೇಲೆ ಸಾಲುಸಾಲಾಗಿ ಸಂಶೋಧನೆಗಳು ನಡೆದವು. ಸರಿಯಾಗಿ ಮಾಡಿದ ಕ್ಲಿಪ್ ಚಿಕಿತ್ಸೆ ಕೀಲಿನ ತೊಂದರೆಯನ್ನು ತರುವುದೂ ಇಲ್ಲ, ವಾಸಿ ಮಾಡುವುದೂ ಇಲ್ಲ ಎಂಬಲ್ಲಿಗೆ ಅವು ಬಂದು ನಿಂತವು. ಹಾಗಾಗಿ "ಟಕ್ ಅನ್ನೋದು ಹೋಗ್ಲಿ ಅಂತ ಕ್ಲಿಪ್ ಹಾಕಿ" ಎಂದು ಬಂದವರಿಗೂ ನಾನು ಆಗಲ್ಲ ಅನ್ನುತ್ತೇನೆ.

ಆ ಹುಡುಗಿಯನ್ನು ಕೂರಿಸಿಕೊಂಡು ವಿಚಾರಿಸಿದೆ. ರಾತ್ರಿ ಓದುವಾಗ ಗಲ್ಲಕ್ಕೆ ಕೈ ಕೊಟ್ಟು, ಹಲ್ಲು ಕಚ್ಚಿಕೊಂಡೇ ಕೂರುತ್ತಿದ್ದಳು. ಮನೆಯಲ್ಲಿ ಕೊಬ್ಬರಿಗೆ ಬರವಿಲ್ಲ; ಬೇಡ ಅಂದಿದ್ದರೂ ಬೆಲ್ಲದ ಜೊತೆ ಅಗಿಯುವುದು ನಿಂತಿರಲಿಲ್ಲ. ಕೆನ್ನೆಯ ಸ್ನಾಯು ಒತ್ತಿದರೆ ಮುಖ ಕಿವುಚಿದಳು. ದವಡೆಗೆ ಎಳೆತ ಕೊಡುವ ರಬ್ಬರನ್ನು ಕೆಲವು ವಾರ ನಿಲ್ಲಿಸಿದೆ. ಬಿಸಿನೀರಿನ ಶಾಖ, ಮೆತ್ತನೆ ಊಟ. ನಮ್ಮ ಕಡೆ ಮುದ್ದೆ ಇರುವುದು ಎಷ್ಟು ಅನುಕೂಲ, ಅಗಿಯುವ ಹಾಗೇ ಇಲ್ಲ! "ತುಟಿ ಸೇರಿರ್ಲಿ ಪುಟ್ಟ, ಹಲ್ಲು ಬಿಟ್ಟಿರ್ಲಿ" ಅಂದೆ. ಗಣಿತದ ಪುಸ್ತಕದ ರಟ್ಟಿನ ಮೇಲೆ "ಹಲ್ಲು ಬಿಡು" ಎಂದು ಬರೆದುಕೊಂಡಳು.

ಎರಡು ತಿಂಗಳಲ್ಲಿ ನೋವು ಹೋಯಿತು. ಸದ್ದು ಉಳಿಯಿತು, ನೋವಿಲ್ಲದ, ಬಾಯಿ ಸಿಕ್ಕಿಕೊಳ್ಳದ ಸದ್ದಿಗೆ ಚಿಕಿತ್ಸೆ ಬೇಕಿಲ್ಲ.

ಈಗ ಯಾವ ಮಗು ಬಂದರೂ ಮೊದಲು ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆಸಿ, ಮುಚ್ಚಿಸುತ್ತೇನೆ. ದವಡೆ ಒಂದು ಕಡೆಗೆ ವಾಲುತ್ತದೆಯೇ ನೋಡುತ್ತೇನೆ. ಬಾಯಿ ಪೂರ್ತಿ ತೆಗೆಸಿ, ಮೇಲಿನ ಮುಂದಿನ ಹಲ್ಲಿನ ಅಂಚಿನಿಂದ ಕೆಳಗಿನದಕ್ಕೆ ಸ್ಕೇಲ್ ಹಿಡಿಯುತ್ತೇನೆ. 40 ಮಿಲಿಮೀಟರ್ ದಾಟಿದರೆ ನಿರಾಳ. 35 ಕೂಡ ಬಾರದಿದ್ದರೆ ತಂತಿಯ ಮಾತು ಆಮೇಲೆ. ಬೆಳಿಗ್ಗೆ ದವಡೆ ಬಿಗಿಯುವುದರ ಜೊತೆ ಬೇರೆ ಕೀಲುಗಳೂ ಊದುತ್ತಿದ್ದರೆ ಮಕ್ಕಳ ಸಂಧಿವಾತವೇನೋ ನೋಡಿ ಎಂದು ಮಕ್ಕಳ ಡಾಕ್ಟರ ಹತ್ತಿರ ಕಳಿಸುತ್ತೇನೆ. ಕಂಡದ್ದನ್ನೆಲ್ಲ ತಾಯಿಯ ಎದುರಿಗೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳುತ್ತೇನೆ.