ಸ್ಟೀಮರ್ ಕೊಳ್ಳುವ ಮೊದಲು ಮನೆಯ ಪಾತ್ರೆಯನ್ನು ಅಳೆಯಿರಿ

ನಮ್ಮ ಮನೆಯ ಅಟ್ಟದ ಮೇಲೆ ಮೂರು ಅಂತಸ್ತಿನ ಎಲೆಕ್ಟ್ರಿಕ್ ಸ್ಟೀಮರ್ ಒಂದಿದೆ. ಎರಡು ವರ್ಷದಿಂದ ಕೆಳಗಿಳಿದಿಲ್ಲ. ಅದರ ಪಕ್ಕದಲ್ಲಿ ಬೂಷ್ಟು ಹಿಡಿದ ಬಿದಿರಿನ ಬುಟ್ಟಿ. ಡ್ರಾಯರ್‌ನ ತಳದಲ್ಲೆಲ್ಲೋ ಹೂವಿನ ಎಸಳಿನ ಹಾಗೆ ಬಿಚ್ಚಿಕೊಳ್ಳುವ ಸ್ಟೀಲ್ ಬುಟ್ಟಿ, ಒಂದು ಎಸಳು ಕಿತ್ತುಹೋಗಿದೆ. ತರಕಾರಿಯನ್ನು ಹಬೆಯಲ್ಲಿ ಬೇಯಿಸಲು ದಿನಾ ಕೆಲಸಕ್ಕೆ ಬರುವುದು ಇದ್ಯಾವುದೂ ಅಲ್ಲ. ಒಂದು ದಪ್ಪ ತಳದ ಪಾತ್ರೆ, ಅದರ ಬಾಯಿಗೆ ಸರಿಯಾಗಿ ಕೂರುವ ತೂತಿನ ಪಾತ್ರೆ, ಒಂದು ಮುಚ್ಚಳ. ಅಷ್ಟೇ.

ಇಷ್ಟಕ್ಕೆ ಬಂದು ಮುಟ್ಟಲು ನನಗೆ ಆರು ವರ್ಷ ಹಿಡಿಯಿತು. ಮಧ್ಯೆ ಒಂದು ಪಾತ್ರೆಯ ತಳ ಸುಟ್ಟೆ, ಒಂದು ಸಲ ಮಣಿಕಟ್ಟನ್ನೇ ಸುಟ್ಟುಕೊಂಡೆ. ನೀವು ಅಷ್ಟು ಸುತ್ತಬೇಕಾಗಿಲ್ಲ.

ಕೊಳ್ಳಲು ಹೋದಾಗ ಕಣ್ಣು ಬೀಳುವುದು ಬುಟ್ಟಿಯ ಮೇಲೆ. ನಾನೂ ಬುಟ್ಟಿಯನ್ನೇ ನೋಡಿ ಕೊಳ್ಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಮೊದಲು ನೋಡಬೇಕಾದದ್ದು ಅದರ ಕೆಳಗೆ ಎಷ್ಟು ನೀರು ಹಿಡಿಯುತ್ತದೆ, ಮೇಲೆ ಮುಚ್ಚಳ ಹೇಗೆ ಕೂರುತ್ತದೆ ಅಂತ.

ಯಾಕೆ ಅನ್ನುವುದಕ್ಕೆ ಹಬೆ ಏನು ಮಾಡುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಸಾಕು. ಆದರೆ 100 ಡಿಗ್ರಿಯ ಅದೇ ನೀರನ್ನು ಹಬೆ ಮಾಡಲು ಇನ್ನೂ ಸುಮಾರು 540 ಕ್ಯಾಲೊರಿ ಬೇಕು. ಆ ಶಾಖವೆಲ್ಲ ಹಬೆಯೊಳಗೆ ಅಡಗಿ ಕೂತಿರುತ್ತದೆ. ಹಬೆ ತಣ್ಣಗಿನ ಕ್ಯಾರೆಟ್ ತುಂಡಿಗೆ ತಾಗಿ ಮತ್ತೆ ನೀರಾಗುತ್ತದಲ್ಲ, ಆಗ ಅಷ್ಟನ್ನೂ ಅಲ್ಲೇ ಬಿಟ್ಟುಕೊಡುತ್ತದೆ. ತರಕಾರಿ ಬೇಯುವುದು ಹೀಗೆ. ಅಂದರೆ ಹಬೆ ಪ್ರತಿ ತುಂಡಿಗೂ ತಾಗಬೇಕು. ತಾಗುವ ಮೊದಲೇ ಹೊರಗೆ ಹೋಗಬಾರದು. ಮತ್ತೆ, ಕೆಳಗಿನ ನೀರು ತರಕಾರಿಯನ್ನು ಮುಟ್ಟಬಾರದು. ಮುಟ್ಟಿದರೆ ಅದು ಸುಮ್ನೆ ನೀರಲ್ಲಿ ಬೇಯಿಸಿದ ಹಾಗೇ ಆಯಿತು. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು, ಆ ನೀರಿಗೇ ಇಳಿದುಹೋಗುತ್ತದೆ.

ಈಗ ಆ ಎಸಳಿನ ಬುಟ್ಟಿಯ ಕಥೆ. ನೋಡಲು ಚೆಂದ, ಯಾವ ಪಾತ್ರೆಗೂ ಹೊಂದಿಕೊಳ್ಳುತ್ತದೆ, ಮಡಚಿಟ್ಟರೆ ಜಾಗವೂ ಬೇಡ. ತೊಂದರೆ ಇರುವುದು ಅದರ ಕಾಲಿನಲ್ಲಿ. ನನ್ನದರ ಕಾಲು ಎರಡೂವರೆ ಸೆಂಟಿಮೀಟರ್. ಅಂದ ಮೇಲೆ ನೀರು ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಹಾಕುವ ಹಾಗಿಲ್ಲ. 20 ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ಅದು ಸುಮಾರು 630 ಮಿಲಿಲೀಟರ್ ಆಯಿತು. ಒಲೆಯಿಂದ ಒಂದು ಕಿಲೋವ್ಯಾಟ್ ಶಾಖ ನೀರಿಗೆ ತಲುಪುತ್ತಿದ್ದರೆ ನಿಮಿಷಕ್ಕೆ ಸುಮಾರು 26 ಮಿಲಿಲೀಟರ್ ಹಬೆಯಾಗುತ್ತದೆ. ಲೆಕ್ಕ ಹಾಕಿ: 24 ನಿಮಿಷಕ್ಕೆ ಪಾತ್ರೆ ಖಾಲಿ. ಇಡೀ ಬೀಟ್‌ರೂಟ್ ಬೇಯಲು 40 ನಿಮಿಷ ಬೇಕು! ನಾನು ಈ ಲೆಕ್ಕ ಮಾಡಿದ್ದು ಪಾತ್ರೆ ಸೀದು ಮನೆಯೆಲ್ಲ ಹೊಗೆಯಾದ ಮೇಲೆ. ಆಗ ನಾನು ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಾ ಬಾಲ್ಕನಿಯಲ್ಲಿದ್ದೆ.

ಹಾಗಂತ ಆ ಬುಟ್ಟಿ ಕೆಟ್ಟದ್ದೇನಲ್ಲ. ಬೀನ್ಸ್, ಬಟಾಣಿ, ಬ್ರೊಕೊಲಿ, ಸೊಪ್ಪು, ಹೀಗೆ ಹತ್ತು ನಿಮಿಷದೊಳಗೆ ಮುಗಿಯುವುದಕ್ಕೆಲ್ಲ ಧಾರಾಳವಾಗಿ ಸಾಕು. ಕೊಳ್ಳುವುದಾದರೆ ಕಾಲು ಉದ್ದ ಇರುವುದನ್ನು ಹುಡುಕಿ. ನಡುವಿನ ಕಡ್ಡಿ ತಿರುಗಿಸಿ ತೆಗೆಯಲು ಬರುತ್ತದಾ ನೋಡಿ, ಇಲ್ಲದಿದ್ದರೆ ಇಡೀ ಹೂಕೋಸು ಅದರಲ್ಲಿ ಕೂರುವುದಿಲ್ಲ. ಎಸಳುಗಳ ಸಂದಿಯಲ್ಲಿ ಸಿಕ್ಕಿಕೊಂಡ ಪಾಲಕ್ ಎಲೆಯನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆಯುವ ತಾಳ್ಮೆಯೂ ಇರಬೇಕು. ನನಗಿರಲಿಲ್ಲ.

ಹೊತ್ತು ಹಿಡಿಯುವ ತರಕಾರಿ ಇಟ್ಟಾಗ ಪಾತ್ರೆಯ ನೀರಿಗೆ ಒಂದು ಸ್ವಚ್ಛವಾದ ಗಾಜಿನ ಗೋಲಿ ಹಾಕಿಬಿಡಿ. ನೀರು ಕುದಿಯುವಷ್ಟು ಹೊತ್ತೂ ಅದು ಟಕಟಕ ಅನ್ನುತ್ತಿರುತ್ತದೆ. ಸದ್ದು ನಿಂತರೆ ನೀರು ಮುಗಿಯುತ್ತಾ ಬಂತು ಅಂತ. ಆಗ ಸೇರಿಸುವ ನೀರು ಕುದಿಯುವ ನೀರೇ ಆಗಿರಲಿ. ತಣ್ಣೀರು ಹಾಕಿದರೆ ಹಬೆ ನಿಂತುಹೋಗುತ್ತದೆ. ಗೋಲಿಯೂ ಒಡೆಯಬಹುದು.

ಪಾತ್ರೆಯ ಬಾಯಿಯ ಮೇಲೇ ಕೂರುವ ತೂತಿನ ಪಾತ್ರೆಗೆ ನೀರಿನ ಚಿಂತೆ ಇಲ್ಲ. ಬುಟ್ಟಿ ಮೇಲೆ ಕೂತಿರುವುದರಿಂದ ಕೆಳಗೆ ಏಳೆಂಟು ಸೆಂಟಿಮೀಟರ್ ನೀರು ಹಾಕಿದರೂ ತಾಗುವುದಿಲ್ಲ. ಆದರೆ ಅಳತೆ ತಪ್ಪಿದರೆ ಇದು ಯಾವುದಕ್ಕೂ ಬಾರದು. ಮನೆಯಿಂದ ಹೊರಡುವ ಮೊದಲು ನೀವು ಬಳಸುವ ಪಾತ್ರೆಯ ಬಾಯಿಯನ್ನು ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಅಳೆದುಕೊಳ್ಳಿ. ಹೊರಗಿನ ಅಳತೆ ತೆಗೆದುಕೊಂಡು ಹೋಗಿ ನಾನು ಒಂದು ಸಲ ವಾಪಸ್ ಕೊಟ್ಟು ಬಂದಿದ್ದೇನೆ. ಸುತ್ತಲೂ ಮೆಟ್ಟಿಲಿನ ಹಾಗೆ ಅಂಚು ಇರುವಂಥವೂ ಸಿಗುತ್ತವೆ, ಎರಡು ಮೂರು ಅಳತೆಯ ಪಾತ್ರೆಗೆ ಒಂದೇ ಸಾಕಾಗುತ್ತದೆ. ಮನೆಗೆ ತಂದ ಮೇಲೆ ಖಾಲಿ ಇಟ್ಟು ನೀರು ಕುದಿಸಿ ನೋಡಿ. ಹಬೆ ತೂತುಗಳಿಂದ ಮೇಲೆ ಬರುತ್ತಿದೆಯೋ, ಎರಡು ಪಾತ್ರೆಯ ನಡುವಿನ ಸಂದಿಯಿಂದ ಸುಯ್ಯನೆ ಹೋಗುತ್ತಿದೆಯೋ? ಸಂದಿಯಿಂದ ಹೋದರೆ ಅಷ್ಟೂ ದಂಡ.

ತೂತುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಬಟಾಣಿ ಕೆಳಗೆ ಬೀಳುವಷ್ಟು ದೊಡ್ಡದಿರಬಾರದು. ತಳದಲ್ಲಿ ಎಲ್ಲ ಕಡೆ ಇರಬೇಕು, ನಡುವೆ ಮಾತ್ರ ನಾಲ್ಕು ತೂತು ಕೊರೆದಿದ್ದರೆ ಅಂಚಿನ ತುಂಡುಗಳು ಹಸಿಯಾಗಿಯೇ ಉಳಿಯುತ್ತವೆ. ಒಳಗೆ ಬೆರಳು ಆಡಿಸಿ ನೋಡಿ, ತರಚಿದರೆ ಬೇಡ.

ಮುಚ್ಚಳಕ್ಕೆ ಮಾತ್ರ ಹೊತ್ತು ಕೊಡಿ. ಚಪ್ಪಟೆ ಮುಚ್ಚಳಕ್ಕೆ ತಾಗಿದ ಹಬೆ ಹನಿಯಾಗಿ ನೇರ ತರಕಾರಿಯ ಮೇಲೆ ತೊಟ್ಟಿಕ್ಕುತ್ತದೆ. ಗುಮ್ಮಟದ ಹಾಗೆ ಉಬ್ಬಿದ ಮುಚ್ಚಳದಲ್ಲಿ ಹನಿಗಳು ಬದಿಗೆ ಜಾರಿ ಇಳಿಯುತ್ತವೆ. ನಿಮ್ಮದು ಚಪ್ಪಟೆ ಇದ್ದರೆ ಹೊಸದು ಕೊಳ್ಳಬೇಡಿ, ಒಂದು ಒಣಬಟ್ಟೆಯನ್ನು ಮುಚ್ಚಳಕ್ಕೆ ಸುತ್ತಿ ತುದಿಗಳನ್ನು ಮೇಲೆ ಗಂಟು ಹಾಕಿ. ಬಟ್ಟೆಯ ಅಂಚು ಬೆಂಕಿಗೆ ಇಳಿಯಬಾರದು, ಅಷ್ಟು ನೋಡಿಕೊಳ್ಳಿ. ಗಾಜಿನ ಮುಚ್ಚಳ ಇದ್ದರೆ ಇನ್ನೂ ಒಳ್ಳೆಯದು. ತೆರೆಯದೆಯೇ ಬಣ್ಣ ನೋಡಬಹುದು.

ಬಣ್ಣ ಅಂದೆನಲ್ಲ, ನನ್ನ ಮಗಳದ್ದು ಅದೇ ಹಠ. ಬೀನ್ಸ್ ಹಸಿರಾಗಿಲ್ಲದಿದ್ದರೆ ಮುಟ್ಟುವುದಿಲ್ಲ. ತರಕಾರಿ ಬೇಯುವಾಗ ಅದರೊಳಗಿನ ಆಮ್ಲಗಳು ಹೊರಬರುತ್ತವೆ. ಹಸಿರು ಕೊಡುವ ಕ್ಲೋರೊಫಿಲ್‌ನಲ್ಲಿರುವ ಮೆಗ್ನೀಸಿಯಮ್ ಆಮ್ಲದಿಂದಾಗಿ ಕಳಚಿಕೊಂಡರೆ ಬಣ್ಣ ಮಾಸಿ ಕಂದು ಹಸಿರಾಗುತ್ತದೆ. ಆ ಆಮ್ಲಗಳಲ್ಲಿ ಕೆಲವು ಹಬೆಯ ಜೊತೆ ಹಾರಿಹೋಗುವಂಥವು. ಅದಕ್ಕೇ ನಾನು ಹಸಿರು ತರಕಾರಿ ಇಟ್ಟ ಒಂದು ನಿಮಿಷಕ್ಕೆ ಮುಚ್ಚಳವನ್ನು ಒಮ್ಮೆ ಎತ್ತಿ ಮತ್ತೆ ಮುಚ್ಚುತ್ತೇನೆ. ಏಳು ನಿಮಿಷ ದಾಟಲು ಬಿಡುವುದಿಲ್ಲ. ಹಬೆ ಹೋಗಲು ಸಣ್ಣ ತೂತು ಇರುವ ಮುಚ್ಚಳವಾದರೆ ಈ ಕೆಲಸ ಅರ್ಧ ತಾನಾಗಿಯೇ ಆಗುತ್ತದೆ.

ಬಿದಿರಿನ ಬುಟ್ಟಿಯನ್ನು ನಾನು ಕೊಂಡಿದ್ದು ಫೋಟೊ ನೋಡಿ, ಒಪ್ಪಿಕೊಳ್ಳುತ್ತೇನೆ. ಆದರೆ ಅದರಲ್ಲಿ ಒಂದು ನಿಜವಾದ ಗುಣ ಇದೆ. ಹೆಣೆದ ಮುಚ್ಚಳ ಹನಿಯನ್ನು ಹೀರಿಕೊಳ್ಳುತ್ತದೆ, ತರಕಾರಿ ಒದ್ದೆಯಾಗುವುದಿಲ್ಲ. ಬಾಣಲೆಯ ಇಳಿಜಾರಿನಲ್ಲಿ ಕೂರಿಸಿದರೆ ಚೆನ್ನಾಗಿ ನಿಲ್ಲುತ್ತದೆ. ಬೆಂಕಿ ಬಾಣಲೆಯ ಬದಿಗೆ ಹತ್ತಿದರೆ ಬಿದಿರಿನ ಅಂಚು ಕರಕಲಾಗುತ್ತದೆ, ಅದಕ್ಕೇ ಅಂಚು ನೀರಿಗೆ ಸ್ವಲ್ಪ ತಾಗಿದಂತಿರಬೇಕು. ಸೋಪು ಹಾಕಿ ತೊಳೆಯುವಂತಿಲ್ಲ, ಬಿದಿರು ವಾಸನೆ ಹೀರುತ್ತದೆ. ತೊಳೆದ ಮೇಲೆ ಗಾಳಿಯಲ್ಲಿ ಪೂರ್ತಿ ಒಣಗಬೇಕು. ನಾನು ಒಂದು ಸಲ ಅರ್ಧ ಒಣಗಿದ್ದನ್ನೇ ಕಪಾಟಿಗೆ ಸೇರಿಸಿದೆ. ಹತ್ತು ದಿನ ಬಿಟ್ಟು ತೆಗೆದರೆ ಒಳಗೆಲ್ಲ ಬೂದಿ ಬಣ್ಣದ ಬೂಷ್ಟು. ವಾರಕ್ಕೊಮ್ಮೆ ಬಳಸುವವರು ಇದನ್ನು ಬಿಟ್ಟುಬಿಡುವುದೇ ಮೇಲು.

ಸ್ಟೀಲ್ ಆದರೆ 304 ಅಥವಾ 18/8 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ, ತುಕ್ಕು ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಇಂಡಕ್ಷನ್ ಒಲೆ ಇರುವವರು ಆಯಸ್ಕಾಂತ ಹಿಡಿದು ನೋಡಬೇಕಾದದ್ದು ಕೆಳಗಿನ ಪಾತ್ರೆಯ ತಳಕ್ಕೆ, ಮೇಲಿನ ಬುಟ್ಟಿಗೆ ಅಂಟದಿದ್ದರೂ ಚಿಂತೆಯಿಲ್ಲ. ನಾನ್‌ಸ್ಟಿಕ್ ಪಾತ್ರೆಯೊಳಗೆ ಇಡುವುದಾದರೆ ಸ್ಟೀಲ್ ಕಾಲು ಗೀರು ಹಾಕುತ್ತದೆ, ಅಲ್ಲಿ ಸಿಲಿಕೋನ್ ಬುಟ್ಟಿ ಒಳ್ಳೆಯದು.

ಪ್ರೆಶರ್ ಕುಕ್ಕರ್ ಇದೆಯಲ್ಲ, ಅದು ಸಾಲದೇ ಅಂತ ಕೇಳುತ್ತೀರಿ. ಆಲೂಗಡ್ಡೆ, ಬೀಟ್‌ರೂಟ್, ಇಂಥ ಗಟ್ಟಿಯವಕ್ಕೆ ಸಾಕು. ಒಳಗೆ ಒಂದು ಸ್ಟ್ಯಾಂಡ್ ಇಟ್ಟು ಮೇಲೆ ತೂತಿನ ತಟ್ಟೆ ಇಟ್ಟರಾಯಿತು. ಆದರೆ ವೆಯ್ಟ್ ಹಾಕಿದ ಕುಕ್ಕರ್‌ನೊಳಗೆ 15 ಪಿಎಸ್‌ಐ ಒತ್ತಡದಲ್ಲಿ ಉಷ್ಣತೆ ಸುಮಾರು 121 ಡಿಗ್ರಿಗೆ ಏರುತ್ತದೆ. ಅಲ್ಲಿ ಬ್ರೊಕೊಲಿಗೆ ಅರ್ಧ ನಿಮಿಷ ಹೆಚ್ಚಾದರೂ ಮುಗಿಯಿತು, ಮುದ್ದೆ. ತೆರೆದು ನೋಡುವ ಹಾಗೂ ಇಲ್ಲ. ಮೆದು ತರಕಾರಿಗೆ ಕುಕ್ಕರ್‌ನ ಕೆಳಗಿನ ಪಾತ್ರೆಯನ್ನು ಮಾತ್ರ ಬಳಸಿ, ಮೇಲೆ ಬೇರೆ ಮುಚ್ಚಳ ಮುಚ್ಚಿ.

ಒಬ್ಬರೋ ಇಬ್ಬರೋ ಇರುವ ಮನೆಯಾದರೆ ಮೈಕ್ರೋವೇವ್ ಇದ್ದರೆ ಬೇರೇನೂ ಕೊಳ್ಳಬೇಡಿ. ಗಾಜಿನ ಬಟ್ಟಲಿಗೆ ತರಕಾರಿ, ಎರಡು ದೊಡ್ಡ ಚಮಚ ನೀರು, ಮೇಲೆ ಸ್ವಲ್ಪ ಸಂದಿ ಬಿಟ್ಟು ಒಂದು ತಟ್ಟೆ. ಮೂರು ನಾಲ್ಕು ನಿಮಿಷ. ಗಾಳಿಯಾಡದ ಡಬ್ಬಿಯಲ್ಲಿ ಮಾತ್ರ ಇಡಬಾರದು, ಹಬೆ ತುಂಬಿ ಮುಚ್ಚಳ ಸಿಡಿಯುತ್ತದೆ.

ನಮ್ಮ ಅತ್ತೆಗೆ ಇದ್ಯಾವುದೂ ಬೇಡ. ನಾನು ಬಿದಿರಿನ ಬುಟ್ಟಿ ತಂದ ದಿನ ಅವರು ತಳಕ್ಕೆ ಒಂದು ಸಣ್ಣ ಬಟ್ಟಲು ಬೋರಲು ಹಾಕಿ, ಸುತ್ತ ನೀರು ಬಿಟ್ಟು, ಮೇಲೆ ಸ್ಟೀಲ್ ತಟ್ಟೆಯಲ್ಲಿ ಸಿಹಿಗುಂಬಳ ಇಟ್ಟು ಮುಚ್ಚಿದರು. “ಎತ್ತರಕ್ಕೆ ಇಟ್ರೆ ಆಯ್ತು ಕಣಮ್ಮ, ಇದಕ್ಕೂ ದುಡ್ಡು ಹಾಕ್ತೀಯಾ?” ಅಂದರು. ಹತ್ತೇ ನಿಮಿಷಕ್ಕೆ ಬೆಂದಿತು. ತಟ್ಟೆಗೆ ತೂತಿಲ್ಲದ್ದರಿಂದ ತಳದಲ್ಲಿ ನೀರು ನಿಂತಿತ್ತು ಅನ್ನುವುದನ್ನು ನಾನೂ ಹೇಳದೆ ಬಿಡಲಿಲ್ಲ. ಮಾರನೇ ದಿನ ಅವರು ತಟ್ಟೆಯ ಬದಲು ಸೋಸುವ ಜಾಲರಿ ಇಟ್ಟಿದ್ದರು. ನೀವೂ ಒಂದು ವಾರ ಹೀಗೇ ಮಾಡಿ ನೋಡಿ. ಎಷ್ಟು ಸಲ ಮಾಡುತ್ತೀರಿ, ಎಷ್ಟು ಜನಕ್ಕೆ, ಯಾವ ತರಕಾರಿ, ಎಲ್ಲ ತಾನಾಗಿಯೇ ಗೊತ್ತಾಗುತ್ತದೆ. ಅಂಗಡಿಗೆ ಆಮೇಲೆ ಹೋಗಿ.

ಗಾತ್ರ ನೋಡುವಾಗ ಆಳಕ್ಕಿಂತ ಅಗಲ ಮುಖ್ಯ. ಆಳದ ಬುಟ್ಟಿಗೆ ಒತ್ತೊತ್ತಾಗಿ ತುಂಬಿದರೆ ನಡುವಿನ ತುಂಡುಗಳಿಗೆ ಹಬೆ ತಲುಪುವುದೇ ಇಲ್ಲ. ನಾವು ನಾಲ್ಕು ಜನ, 24 ಸೆಂಟಿಮೀಟರ್ ಅಗಲದ್ದು ಸಾಕಾಗಿದೆ. ಎರಡು ಅಂತಸ್ತು ಇದ್ದರೆ ಬೀಟ್‌ರೂಟ್ ಯಾವಾಗಲೂ ಕೆಳಗೆ. ಮೇಲಿಟ್ಟರೆ ಅದರ ಕೆಂಪು ನೀರು ಹೂಕೋಸಿನ ಮೇಲೆಲ್ಲ ಇಳಿಯುತ್ತದೆ. ಕೆಳಗಿನದಕ್ಕೆ ಹಬೆ ಮೊದಲು ಸಿಗುವುದರಿಂದ ಗಟ್ಟಿ ತರಕಾರಿಗೂ ಅದೇ ಸರಿಯಾದ ಜಾಗ.

ಹೊತ್ತಿನ ಲೆಕ್ಕ ಶುರುವಾಗುವುದು ಹಬೆ ಏಳಲು ತೊಡಗಿದ ಮೇಲೆ. ಪಾಲಕ್‌ಗೆ ಎರಡು ಮೂರು ನಿಮಿಷ, ಬಟಾಣಿಗೆ ನಾಲ್ಕು, ಬ್ರೊಕೊಲಿಗೆ ಐದು, ಬೀನ್ಸ್‌ಗೆ ಆರು, ಬಿಲ್ಲೆಯಾಗಿ ಹೆಚ್ಚಿದ ಕ್ಯಾರೆಟ್‌ಗೆ ಏಳೆಂಟು, ಆಲೂಗಡ್ಡೆ ತುಂಡುಗಳಿಗೆ ಹನ್ನೆರಡರಿಂದ ಹದಿನೈದು. ಅತ್ತೆಗೆ ಹಲ್ಲಿಲ್ಲ, ಅವರ ಪಾಲಿನದ್ದು ಇನ್ನೈದು ನಿಮಿಷ ಒಳಗೇ ಇರುತ್ತದೆ. ಎತ್ತರದ ಊರುಗಳಲ್ಲಿ ನೀರು ಬೇಗ ಕುದಿಯುತ್ತದೆ, ಸುಮಾರು 300 ಮೀಟರ್‌ಗೆ ಒಂದು ಡಿಗ್ರಿ ಕಡಿಮೆ. ಅಲ್ಲಿ ಹೊತ್ತು ಸ್ವಲ್ಪ ಜಾಸ್ತಿ ಬೇಕು.

ಕೊಳ್ಳುವ ಮೊದಲು ಹಿಡಿಯನ್ನೂ ಹಿಡಿದು ನೋಡಿ. ಬುಟ್ಟಿಯನ್ನು ಬಿಸಿಯಲ್ಲೇ ಎತ್ತಬೇಕಾಗುತ್ತದೆ, ಮಸಿಬಟ್ಟೆ ಹಿಡಿದ ಬೆರಳು ಹಿಡಿಯೊಳಗೆ ಹೋಗಬೇಕು. ನನ್ನ ಮಣಿಕಟ್ಟು ಸುಟ್ಟಿದ್ದು ಮುಚ್ಚಳವನ್ನು ನನ್ನ ಕಡೆಯಿಂದ ಎತ್ತಿದ್ದಕ್ಕೆ. ಆಚೆ ಅಂಚನ್ನು ಮೊದಲು ಎತ್ತಿ, ಹಬೆ ಆ ಕಡೆ ಹೋಗಲಿ. 540 ಕ್ಯಾಲೊರಿಯ ಲೆಕ್ಕ ಚರ್ಮಕ್ಕೂ ಒಂದೇ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಐಸ್ ಬೇಡ.

ಇನ್ನು ಅಟ್ಟದ ಮೇಲಿನ ಎಲೆಕ್ಟ್ರಿಕ್ ಸ್ಟೀಮರ್. ಅದು ಅಟ್ಟ ಹತ್ತಿದ್ದು ಕೆಟ್ಟು ಅಲ್ಲ. ಪ್ರತಿ ಸಲ ಏಳು ಬಿಡಿಭಾಗ ತೊಳೆಯಬೇಕಿತ್ತು, ಪ್ಲಾಸ್ಟಿಕ್ಕಿಗೆ ಹತ್ತಿದ ಕ್ಯಾರೆಟ್ ಬಣ್ಣ ಹೋಗುತ್ತಿರಲಿಲ್ಲ, ಕಟ್ಟೆಯ ಮೇಲೆ ಅದಕ್ಕೆ ಜಾಗವೂ ಇರಲಿಲ್ಲ. ಆದರೆ ಟೈಮರ್ ತಿರುಗಿಸಿ ಸ್ನಾನಕ್ಕೆ ಹೋಗಬಹುದು, ನೀರು ಮುಗಿದರೆ ತಾನೇ ಆರುತ್ತದೆ. ಒಲೆಯ ಮುಂದೆ ನಿಲ್ಲಲು ಆಗದವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಕೊಳ್ಳುವುದಾದರೆ ಒಳಗಿನ ನೀರಿನ ಮಟ್ಟ ಹೊರಗೆ ಕಾಣಬೇಕು, ಅಂತಸ್ತು ತೆಗೆಯದೆ ಹೊರಗಿನಿಂದಲೇ ನೀರು ಹಾಕಲು ಬರಬೇಕು. ಅಕ್ಕ ಈಗ ಅದನ್ನು ಕೇಳಿದ್ದಾಳೆ. ಅವಳ ಮನೆಯಲ್ಲಿ ಎರಡು ಪುಟ್ಟ ಮಕ್ಕಳು, ಒಲೆಯ ಮುಂದೆ ನಿಂತರೆ ಇನ್ನೊಂದು ಕಡೆ ಏನೋ ಬೀಳುತ್ತದೆ. ಅವಳಿಗೆ ಸರಿಹೋಗುತ್ತದೆ. ಕೊಡುವ ಮೊದಲು ಕಾಯುವ ತಟ್ಟೆಯ ಮೇಲೆ ಗಡಸು ನೀರಿನಿಂದ ಕಟ್ಟಿರುವ ಬಿಳಿ ಪದರ ತೆಗೆಯಬೇಕು. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬರೀ ನೀರು ಹಾಕಿ ಒಂದು ಸಲ ಕುದಿಸಿ ಚೆಲ್ಲಿದರೆ ಆಯಿತು. ಶನಿವಾರ ಅಟ್ಟ ಹತ್ತುತ್ತೇನೆ.