ಮಲಗಿರುವ ಅತಿಥಿಯೂ ಒಳಗಿದ್ದಾರೆಂದು ಕೊಠಡಿಗೆ ತಿಳಿಯಬೇಕು

ಮೈಸೂರಿನ 36 ಕೊಠಡಿಗಳ ಹಳೆಯ ಹೋಟೆಲೊಂದನ್ನು ನವೀಕರಿಸುವಾಗ, ದೀಪ, ಎ.ಸಿ. ಮತ್ತು ಪ್ಲಗ್‌ಗಳ ಸ್ವಯಂಚಾಲಿತ ನಿಯಂತ್ರಣವನ್ನು ಯೋಜಿಸುವ ಕೆಲಸ ನನಗೆ ಬಂದಿತ್ತು. ಬಾಗಿಲ ಬಳಿ, ಕಾರ್ಡ್ ಸಿಕ್ಕಿಸಿದರಷ್ಟೇ ಕೊಠಡಿಗೆ ಕರೆಂಟ್ ಬಿಡುವ ಕೀ ಕಾರ್ಡ್ ಸ್ವಿಚ್ ಇದ್ದರೂ ಖಾಲಿ ಕೊಠಡಿಗಳಲ್ಲಿ ಎ.ಸಿ. ಓಡುತ್ತಲೇ ಇರುತ್ತದೆ ಎಂಬುದು ಮಾಲೀಕರ ದೂರಾಗಿತ್ತು. ಯಾವ ಕಂಪನಿಯ ಕ್ಯಾಟಲಾಗನ್ನೂ ತೆರೆಯುವ ಮೊದಲು ನಾನು ಎರಡು ದಿನ ಹೌಸ್‌ಕೀಪಿಂಗ್‌ನವರ ಜೊತೆ ಮಹಡಿಗಳನ್ನು ಸುತ್ತಿದೆ. ಒಂದು ಕೊಠಡಿಯ ಅತಿಥಿಗಳು ಬೆಳಿಗ್ಗೆಯೇ ಚಾಮುಂಡಿ ಬೆಟ್ಟಕ್ಕೆ ಹೊರಟುಹೋಗಿದ್ದರು, ಒಳಗೆ ಎ.ಸಿ. 18 ಡಿಗ್ರಿಯಲ್ಲಿತ್ತು. ಮೇಲ್ವಿಚಾರಕಿಯವರು ಸ್ವಿಚ್ಚಿನ ಸಂದಿಯಿಂದ ಜವಳಿ ಅಂಗಡಿಯೊಂದರ ವಿಸಿಟಿಂಗ್ ಕಾರ್ಡನ್ನು ಎಳೆದು ತೋರಿಸಿ, "ದಿನಾ ಇದೇ ಸಾರ್. ಇನ್ನೊಂದು ಫೋನು ಚಾರ್ಜಿಗೆ ಹಾಕಿ ಹೋಗ್ತಾರಲ್ಲ, ಕಾರ್ಡ್ ತೆಗೆದ್ರೆ ಅದೂ ನಿಂತುಹೋಗುತ್ತೆ" ಎಂದರು. ತಪ್ಪು ವೈರಿಂಗ್‌ನಲ್ಲಿತ್ತು. ಆದ್ದರಿಂದ ಫ್ರಿಜ್ಜಿಗೂ ಹಾಸಿಗೆಯ ಪಕ್ಕದ ಒಂದು ಪ್ಲಗ್ಗಿಗೂ ಸದಾ ಕರೆಂಟ್ ಇರುವ ಪ್ರತ್ಯೇಕ ಸರ್ಕ್ಯೂಟನ್ನು ಎಳೆಯಬೇಕೆಂಬುದೇ ನನ್ನ ಮೊದಲ ತೀರ್ಮಾನವಾಯಿತು.

ಕಾರ್ಡಿನ ಬದಲು ಸೆನ್ಸರ್ ಇಡುವುದೆಂದಾದ ಮೇಲೆ ಒಂದೇ ಕೊಠಡಿಯನ್ನು ಮಾದರಿಯಾಗಿ ಸಿದ್ಧಪಡಿಸಿದೆ. ಚಾವಣಿಯಲ್ಲಿ, ದೇಹದ ಶಾಖದಿಂದ ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್ ಇಟ್ಟು, 20 ನಿಮಿಷ ಚಲನೆ ಕಾಣದಿದ್ದರೆ ಎ.ಸಿ. ನಿಲ್ಲುವಂತೆ ಮಾಡಿದ್ದೆ. ಮಾಲೀಕರ ಸಂಬಂಧಿಕರಾದ ವೃದ್ಧ ದಂಪತಿ ಅಲ್ಲಿ ತಂಗಿದರು. ನಡುರಾತ್ರಿ ಎ.ಸಿ. ನಿಂತು, ಆ ಹಿರಿಯರು ಬೆವರಿ ಎದ್ದು ಕತ್ತಲಲ್ಲಿ ರಿಮೋಟ್ ಹುಡುಕಬೇಕಾಯಿತೆಂದು ಬೆಳಿಗ್ಗೆ ತಿಳಿದಾಗ ನನಗೆ ನಿಜಕ್ಕೂ ನೋವಾಯಿತು. ದೇಹದ ಶಾಖವು ತನ್ನ ನೋಟದೊಳಗೆ ಜಾಗ ಬದಲಿಸಿದಾಗ ಮಾತ್ರ ಪಿಐಆರ್‌ಗೆ ಮನುಷ್ಯರು ಗೊತ್ತಾಗುತ್ತಾರೆ. ರಗ್ಗು ಹೊದ್ದು ಅಲುಗಾಡದೆ ಮಲಗಿದವರು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಉಸಿರಾಟದ ಸಣ್ಣ ಚಲನೆಯನ್ನೂ ಹಿಡಿಯುವ ರಾಡಾರ್ ಸೆನ್ಸರನ್ನು ತಂದು ನೋಡಿದೆ. ಅದು ತಿರುಗುವ ಸೀಲಿಂಗ್ ಫ್ಯಾನನ್ನೇ ಮನುಷ್ಯನೆಂದು ಭಾವಿಸಿದ್ದರಿಂದ, ಫ್ಯಾನ್ ಓಡುತ್ತಿರುವವರೆಗೂ ಕೊಠಡಿ ಖಾಲಿಯೆಂದು ತೋರಿಸಲೇ ಇಲ್ಲ. ಕೊನೆಗೆ ಪಿಐಆರ್‌ಗೆ ಬಾಗಿಲ ಮ್ಯಾಗ್ನೆಟಿಕ್ ಸೆನ್ಸರನ್ನು ಜೊತೆಮಾಡಿದೆ. ಬಾಗಿಲು ಮುಚ್ಚಿದ ಮೇಲೆ ಒಂದು ಬಾರಿ ಚಲನೆ ಕಂಡರೂ ಸಾಕು, ಬಾಗಿಲು ಮತ್ತೆ ತೆರೆಯುವವರೆಗೆ ಒಳಗೆ ಜನರಿದ್ದಾರೆಂದೇ ಕೊಠಡಿ ತಿಳಿಯುತ್ತದೆ, ಏಕೆಂದರೆ ಬಾಗಿಲು ತೆರೆಯದೆ ಯಾರೂ ಹೊರಹೋಗಲಾರರು. ಆದರೂ ಒಂದು ಸಂದರ್ಭ ಉಳಿಯಿತು: ಇಬ್ಬರಲ್ಲಿ ಒಬ್ಬರು ಮಲಗಿರುವಾಗ ಇನ್ನೊಬ್ಬರು ಬೆಳಗಿನ ವಾಕಿಂಗ್‌ಗೆ ಹೊರಟರೆ ಬಾಗಿಲು ತೆರೆದು ಮುಚ್ಚುತ್ತದೆ, ಮಲಗಿದವರು ಅಲುಗುವುದಿಲ್ಲ. ಇದಕ್ಕಾಗಿ ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಕೊಠಡಿ ತಾನಾಗಿ ಏನನ್ನೂ ಬದಲಿಸಬಾರದೆಂದೂ, ಹಗಲಿನಲ್ಲಿ ಸಹ ಕೊಠಡಿ ಖಾಲಿಯೆಂದು ಕಂಡರೆ ಎ.ಸಿ.ಯನ್ನು ನಿಲ್ಲಿಸದೆ 27 ಡಿಗ್ರಿಗೆ ಏರಿಸಬೇಕೆಂದೂ ನಿಗದಿಮಾಡಿದೆ. ಇದರಿಂದ ಉಳಿತಾಯ ಸ್ವಲ್ಪ ತಗ್ಗುತ್ತದೆಂದು ಮಾಲೀಕರಿಗೆ ಹೇಳಿ ಒಪ್ಪಿಸಿದೆ. ಹಣ ಕೊಟ್ಟು ಬಂದವರ ನಿದ್ದೆಗೆ ಅಡ್ಡಿಯಾಗುವ ಉಳಿತಾಯ ನನಗೆ ಬೇಡವಾಗಿತ್ತು.

ವೈರ್‌ಲೆಸ್ ಸೆನ್ಸರ್‌ಗಳು ಅಗ್ಗವಾಗಿದ್ದವು. ಆದರೆ ಕೊಠಡಿಗೆ ಎರಡರಂತೆ 72 ಸೆನ್ಸರ್‌ಗಳ ಬ್ಯಾಟರಿ ನೋಡಿಕೊಳ್ಳುವವರು ಯಾರು? ಮೇಲಾಗಿ ಅವು ಬಳಸುವ ಜಿಗ್‌ಬೀ ಎಂಬ ರೇಡಿಯೊ ಸಂಪರ್ಕ ಸಹ ಅತಿಥಿಗಳ ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ನಡೆಯುವುದರಿಂದ ಒಂದಕ್ಕೊಂದು ಅಡ್ಡಬರಬಹುದು. ಹೇಗಿದ್ದರೂ ಗೋಡೆ ಕೊರೆಯುವುದಿತ್ತು. ಹಳೆಯ ಸ್ವಿಚ್ ಬಾಕ್ಸ್‌ಗಳಲ್ಲಿ ಕರೆಂಟ್ ಮರಳುವ ನ್ಯೂಟ್ರಲ್ ವೈರೇ ಇರಲಿಲ್ಲ, ಅದನ್ನು ಹೊಸದಾಗಿ ಎಳೆಯಬೇಕಿತ್ತು. ಅದರ ಜೊತೆಗೆ ಸೆನ್ಸರ್ ಕೇಬಲ್ಲನ್ನು ಬೇರೆ ಪೈಪಿನಲ್ಲಿ ಎಳೆಸಿ, ವಾರ್ಡ್‌ರೋಬಿನ ಮೇಲೆ ಪ್ರತಿ ಕೊಠಡಿಗೂ ತನ್ನದೇ ಕಂಟ್ರೋಲರ್ ಇರಿಸಿದೆ. ಇಂಟರ್‌ನೆಟ್ ಹೋದರೂ ರಿಸೆಪ್ಷನ್ ಕಂಪ್ಯೂಟರ್ ಕೆಟ್ಟರೂ ಕೊಠಡಿ ನಡೆಯುತ್ತದೆ.

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂಬುದನ್ನು ಯೋಜನೆಯಲ್ಲೇ ಬರೆದಿಡಬೇಕು. ಕಂಟ್ರೋಲರ್ ನಡೆಸುವ ಸ್ವಿಚ್ಚುಗಳಾದ ರಿಲೇಗಳು, ಕರೆಂಟ್ ಮರಳಿದಾಗ 'ಆನ್' ಸ್ಥಿತಿಯಲ್ಲಿ ಏಳುವಂತೆ ಬಂದಿದ್ದವು. ಜನರೇಟರ್ ಹೊತ್ತಿಕೊಂಡ ಕ್ಷಣವೇ ಮಾದರಿ ಕೊಠಡಿಯ ದೀಪಗಳೆಲ್ಲ ಒಟ್ಟಿಗೆ ಉರಿದವು. ಹಿಂದಿನ ಸ್ಥಿತಿಗೇ ಮರಳುವಂತೆ ಅವನ್ನು ಬದಲಿಸಿದೆ. ಸ್ವಿಚ್ಚುಗಳ ವಿಷಯದಲ್ಲಿ ಟಚ್ ಪ್ಯಾನೆಲ್ ಬೇಡವೆಂದು, ಮನೆಯಲ್ಲಿರುವಂಥ ಸಾಮಾನ್ಯ ಸ್ವಿಚ್ಚುಗಳನ್ನೇ ಹಾಕಿಸಿ, ದಿಂಬಿನ ಪಕ್ಕದಿಂದ ಕೈಗೆಟುಕುವಲ್ಲಿ ಒಂದು ಮಾಸ್ಟರ್ ಸ್ವಿಚ್ ಕೊಟ್ಟೆ. ಅದನ್ನು ಒತ್ತಿದರೆ ಬಚ್ಚಲಮನೆಯ ದಾರಿಯ ಪುಟ್ಟ ದೀಪವೊಂದನ್ನು ಬಿಟ್ಟು ಉಳಿದವೆಲ್ಲ ಆರುತ್ತವೆ.

ಬಾಗಿಲು ಎಷ್ಟು ಗಂಟೆಗೆ ತೆರೆಯಿತೆಂಬ ದಾಖಲೆಯೂ ರಿಸೆಪ್ಷನ್‌ನಲ್ಲಿ ಸಿಗಲಿ ಎಂದು ಮ್ಯಾನೇಜರ್ ಕೇಳಿದರು. ಅತಿಥಿಗಳು ಯಾವಾಗ ಬಂದರು, ಯಾವಾಗ ಹೋದರು ಎಂಬುದನ್ನು ಕೂಡಿಡುವುದು ಸರಿಯಲ್ಲವೆಂದು ನಾನು ಅದನ್ನು ಸೇರಿಸಲಿಲ್ಲ. ಜನರಿದ್ದಾರೆ, ಖಾಲಿಯಿದೆ, ಸ್ವಚ್ಛಗೊಳಿಸಬಹುದು ಎಂಬ ಮೂರೇ ಸೂಚನೆಗಳು ಅಲ್ಲಿ ಕಾಣುತ್ತವೆ. ಹೌಸ್‌ಕೀಪಿಂಗ್‌ನವರು ಈಗ ಅದನ್ನು ನೋಡಿಕೊಂಡೇ ಬಾಗಿಲು ತಟ್ಟುತ್ತಾರೆ.